ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಸಿಕ್ಕಿದ ರಷ್ಯನ್ 135 ಲೆನ್ಸ್: ಡಿಜಿಟಲ್ ಕ್ಯಾಮರಾಕ್ಕೆ ಆಗುತ್ತದಾ?

ಉದ್ಯಾವರದ ಹುಡುಗ | ಎಪ್ರಿಲ್ 19, ರಾತ್ರಿ 9.50

ನಮಸ್ಕಾರ. ಬಿಸುವಿಗೆ (ತುಳುವರ ಹೊಸ ವರ್ಷ) ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಝೆನಿಟ್ ಎಂಬ ರಷ್ಯನ್ ಫಿಲ್ಮ್ ಕ್ಯಾಮರಾ, ಎರಡು ಲೆನ್ಸ್, ಲೆಕ್ಕವಿಲ್ಲದಷ್ಟು ನುಸಿಗುಳಿಗೆ. ಮುಂಬೈಯಲ್ಲಿದ್ದಾಗ ತೆಗೆದುಕೊಂಡದ್ದಂತೆ. ಕ್ಯಾಮರಾದ ಶಟರ್ ಸತ್ತಿದೆ. ಲೆನ್ಸ್‌ಗಳಲ್ಲಿ ಉದ್ದದ್ದನ್ನು ದೊಡ್ಡಪ್ಪ ನನಗೆ ಕೊಟ್ಟರು.

ಅದರ ಮೇಲೆ ರಷ್ಯನ್ ಅಕ್ಷರದಲ್ಲಿ ಏನೋ ಬರೆದಿದೆ, ಪಕ್ಕದಲ್ಲಿ 37, ಆಮೇಲೆ 3,5/135 ಎಂದಿದೆ. ಹಿಂದುಗಡೆ ತಿರುಪು ಉಂಟು, ಬಾಟಲಿ ಮುಚ್ಚಳದ ಹಾಗೆ ತಿರುಗಿಸಿ ಹಾಕುವುದು. ಅಪರ್ಚರ್ (ಬೆಳಕು ಬರುವ ತೂತು) ರಿಂಗ್ ಎರಡು ಯಾಕೆ ಅಂತ ಗೊತ್ತಾಗಲಿಲ್ಲ. ನನ್ನ ಹತ್ತಿರ ಇರುವುದು ಕ್ಯಾನನ್ 200ಡಿ, ಜೊತೆಗೆ ಬಂದ 18-55 ಲೆನ್ಸ್ ಮಾತ್ರ. ಕಂಬಳದ ಫೋಟೋ ತೆಗೆಯಬೇಕೆಂದು ಬಹಳ ದಿನದಿಂದ ಆಸೆ. ದೊಡ್ಡ ಲೆನ್ಸಿಗೆ ಸದ್ಯ ದುಡ್ಡಿಲ್ಲ. ಇದನ್ನು ಹಾಕಬಹುದಾ? ಕ್ಯಾಮರಾ ಹಾಳಾಗುತ್ತದಾ?

ಹಳೆಗಾಜು | ಎಪ್ರಿಲ್ 20, ಬೆಳಿಗ್ಗೆ 6.15

ಒಳ್ಳೆಯದೇ ಸಿಕ್ಕಿದೆ ಮಾರಾಯ್ರೆ. ಅದು ಜುಪಿಟರ್-37ಎ, ಸೋವಿಯತ್ ಕಾಲದ್ದು. ರಷ್ಯನ್ನರು ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಹಾಕುತ್ತಾರೆ. ಹಾಗಾಗಿ 3,5 ಅಂದರೆ ಎಫ್ 3.5, ಅಪರ್ಚರ್ ಪೂರ್ತಿ ತೆರೆದಾಗಿನ ಅಳತೆ. ಈ ಸಂಖ್ಯೆ ಹೆಚ್ಚಾದಷ್ಟು ತೂತು ಚಿಕ್ಕದು. 135 ಅಂದರೆ ಮಿ.ಮೀ.ನಲ್ಲಿ ಫೋಕಲ್ ಲೆಂಗ್ತ್, ಅದು ಹೆಚ್ಚಾದಷ್ಟು ದೂರದ್ದು ದೊಡ್ಡದಾಗಿ ಬರುತ್ತದೆ. ಮೈಮೇಲೆ ಒಂದು ನಂಬರ್ ಇರುತ್ತದೆ, ಅದರ ಮೊದಲ ಎರಡು ಅಂಕೆ ಹೆಚ್ಚಾಗಿ ತಯಾರಾದ ವರ್ಷ. ನೋಡಿ ಹೇಳಿ.

ಹಿಂದಿನ ತಿರುಪಿಗೆ ಎಂ42 ಎನ್ನುತ್ತಾರೆ. ವ್ಯಾಸ 42 ಮಿ.ಮೀ. ಪೆಂಟಾಕ್ಸ್‌ನ ಹಳೆ ಟಾಕುಮಾರ್, ಪೂರ್ವ ಜರ್ಮನಿಯ ಪೆಂಟಕಾನ್, ಇವಕ್ಕೂ ಇದೇ ತಿರುಪು. ಈ ಲೆನ್ಸ್ ಕೂರುವ ಜಾಗದಿಂದ ಫಿಲ್ಮಿಗೆ 45.46 ಮಿ.ಮೀ. ದೂರ ಇರಬೇಕು. ನಿಮ್ಮ ಕ್ಯಾನನ್‌ನಲ್ಲಿ ಇರುವುದು 44. ನಡುವಿನ ಒಂದೂವರೆ ಮಿಲಿಮೀಟರ್ ತುಂಬಲು ಒಂದು ತೆಳ್ಳಗಿನ ಬಳೆ ಸಾಕು. ಅದೇ ಅಡಾಪ್ಟರ್. ಅದರಲ್ಲಿ ಗಾಜು ಇರುವುದಿಲ್ಲ, ದೂರದ ವಸ್ತುವಿಗೂ ಸರಿಯಾಗಿ ಫೋಕಸ್ ಆಗುತ್ತದೆ. ಕ್ಯಾಮರಾ ಹಾಳಾಗುವ ಮಾತೇ ಇಲ್ಲ. ಲೆನ್ಸಿನಲ್ಲಿ ಕರೆಂಟ್ ಇಲ್ಲ, ಮೋಟಾರ್ ಇಲ್ಲ. ಬರೀ ಗಾಜು ಮತ್ತು ಲೋಹ.

ಎರಡು ರಿಂಗಿನ ಕಥೆ ಹೀಗೆ. ಒಂದು ರಿಂಗಿನಲ್ಲಿ ಎಲ್ಲಿವರೆಗೆ ಮುಚ್ಚಬೇಕು ಅಂತ ಮೊದಲೇ ಗುರುತು ಮಾಡಿಡುವುದು, ಉದಾಹರಣೆಗೆ 5.6. ಇನ್ನೊಂದರಲ್ಲಿ ತೆರೆಯುವುದು, ಮುಚ್ಚುವುದು. ಪೂರ್ತಿ ತೆರೆದು ಬೆಳಕಿನಲ್ಲಿ ಫೋಕಸ್ ಮಾಡಿ. ಆಮೇಲೆ ಕಣ್ಣು ತೆಗೆಯದೆ ರಿಂಗ್ ತಿರುಗಿಸಿದರೆ ಅದು 5.6ಕ್ಕೆ ಬಂದು ನಿಲ್ಲುತ್ತದೆ. ಒಳಗೆ 12 ಎಲೆಗಳಿವೆ, ಮುಚ್ಚಿದಾಗಲೂ ತೂತು ಗುಂಡಗೇ ಇರುತ್ತದೆ. ಅದಕ್ಕೇ ಹಿಂದಿನ ದೀಪಗಳು ಚಂದ ಕಾಣುವುದು.

ಆದರೆ ಅಡಾಪ್ಟರಿಗೆ ದುಡ್ಡು ಹಾಕುವ ಮೊದಲು ಒಂದು ಕೆಲಸ ಮಾಡಿ. ರಾತ್ರಿ ಕೋಣೆಯ ದೀಪ ಆರಿಸಿ, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಸ್ವಲ್ಪ ಓರೆಯಾಗಿ ಒಳಗೆ ನೋಡಿ. ನಮ್ಮ ಊರಿನ ಅಟ್ಟದಿಂದ ಇಳಿದ ಲೆನ್ಸ್ ಅಂದರೆ ನನಗೆ ಹೆದರಿಕೆ.

ಉದ್ಯಾವರದ ಹುಡುಗ | ಎಪ್ರಿಲ್ 20, ರಾತ್ರಿ 8.30

ನಂಬರ್ 82ರಿಂದ ಶುರುವಾಗುತ್ತದೆ. ನನಗಿಂತ ಹಿರಿಯ!

ಟಾರ್ಚ್ ಬಿಟ್ಟು ನೋಡಿದೆ. ಮುಂದಿನ ಗಾಜಿನ ಒಳಬದಿಯಲ್ಲಿ ಅಂಚಿನಿಂದ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಸುಮಾರು ಕಾಲು ಭಾಗ. ಬಟ್ಟೆಯಲ್ಲಿ ಉಜ್ಜಿದರೆ ಹೋಗಲಿಲ್ಲ. ಮುಗಿಯಿತಾ?

ಬೆಳ್ಳಕ್ಕಿ | ಎಪ್ರಿಲ್ 20, ರಾತ್ರಿ 9.05

ನಾನು ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಬೇಡಿ. ಆ ಬಿಳಿ ಎಳೆ ಫಂಗಸ್, ಅಂದರೆ ಬೂಷ್ಟು. ಅದು ಹಿಡಿದ ಲೆನ್ಸ್ ತೊಳೆಯುವುದು, ಅಡಾಪ್ಟರ್ ಹುಡುಕುವುದು, ಕೈಯಲ್ಲಿ ಫೋಕಸ್ ಕಲಿಯುವುದು, ಇಷ್ಟೆಲ್ಲ ಮಾಡುವ ಬದಲು ಸೆಕೆಂಡ್‌ಹ್ಯಾಂಡ್ 55-250 ಝೂಮ್ ಲೆನ್ಸ್ ತೆಗೆದುಕೊಳ್ಳಿ. ಆಟೋಫೋಕಸ್ ಉಂಟು, ಕೈ ನಡುಕ ತಡೆಯುವ ವ್ಯವಸ್ಥೆ ಉಂಟು.

ನಾನೂ ಒಮ್ಮೆ ಹಳೆ 135 ಹಿಡಿದುಕೊಂಡು ನೇತ್ರಾವತಿ ಬದಿಗೆ ಹೋಗಿದ್ದೆ. ಮಿಂಚುಳ್ಳಿ 28 ಸೆಂಟಿಮೀಟರ್ ಹಕ್ಕಿ. 15 ಮೀಟರ್ ದೂರದ ಕೊಂಬೆಯಲ್ಲಿ ಕೂತರೆ ಸೆನ್ಸರಿನ (ಫಿಲ್ಮಿನ ಜಾಗದಲ್ಲಿರುವ ಚಿಪ್) ಮೇಲೆ ಅದು ಬೀಳುವುದು ಎರಡೂವರೆ ಮಿಲಿಮೀಟರ್. ಅಂದರೆ ಫೋಟೋದ ಅಗಲದಲ್ಲಿ ಒಂಬತ್ತನೇ ಒಂದು ಪಾಲು. ಹಕ್ಕಿಗೆ 135 ಅಂದರೆ ಮದುವೆ ಊಟಕ್ಕೆ ಒಂದು ಸೌಟು ಪಾಯಸ.

ಹಳೆಗಾಜು | ಎಪ್ರಿಲ್ 20, ರಾತ್ರಿ 10.20

ಅಕ್ಕ, ಹಕ್ಕಿಯ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಆದರೆ ಅವರು ಕೇಳಿದ್ದು ಕಂಬಳಕ್ಕೆ. ಲೆನ್ಸೂ ಪುಕ್ಕಟೆ ಬಂದಿದೆ. ಅಡಾಪ್ಟರ್ ದುಡ್ಡಲ್ಲಿ 55-250 ಬರುವುದಿಲ್ಲ ಅಲ್ವಾ.

ಬೆಳ್ಳಕ್ಕಿ | ಎಪ್ರಿಲ್ 20, ರಾತ್ರಿ 10.25

ಪುಕ್ಕಟೆ ಬಂದದ್ದಕ್ಕೇ ಖರ್ಚು ಜಾಸ್ತಿ. ಬರೆದಿಟ್ಟುಕೊಳ್ಳಿ.

ಚೌಕಿಮನೆ | ಎಪ್ರಿಲ್ 21, ಬೆಳಿಗ್ಗೆ 11.00

ರಾತ್ರಿ ಯಕ್ಷಗಾನ ಆಟಕ್ಕೆ ಹೋಗಿದ್ದೆ, ಈಗ ಎದ್ದೆ. ಫಂಗಸ್ ಬಗ್ಗೆ ಒಂದು ಮಾತು. ಆ ಲೆನ್ಸನ್ನು ದಯವಿಟ್ಟು ನಿಮ್ಮ 18-55 ಇರುವ ಚೀಲದಲ್ಲಿ ಇಡಬೇಡಿ. ಒಂದರಿಂದ ಒಂದಕ್ಕೆ ಹರಡುತ್ತದೆ.

ಹಳೆಗಾಜು | ಎಪ್ರಿಲ್ 21, ಮಧ್ಯಾಹ್ನ 1.40

ಇದನ್ನು ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಫಂಗಸ್ಸಿನ ಬೀಜ ಗಾಳಿಯಲ್ಲೇ ಉಂಟು. ನಿಮ್ಮ ಹೊಸ ಲೆನ್ಸಿನ ಮೇಲೂ ಈಗಲೇ ಕೂತಿದೆ. ಅದು ಮೊಳೆಯುವುದು ತೇವ ಸಿಕ್ಕಿದಾಗ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮೇಲೆ ಮಳೆ. ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಜುಲೈಯಲ್ಲಿ ಕಪಾಟಿನೊಳಗಿನ ಚರ್ಮದ ಬೆಲ್ಟಿಗೇ ಬೂಷ್ಟು ಬರುತ್ತದೆ, ಲೆನ್ಸ್ ಯಾವ ಲೆಕ್ಕ? ಗಾಳಿಯ ತೇವ ಶೇಕಡಾ 40ರಿಂದ 50ರ ಒಳಗೆ ಇದ್ದರೆ ಫಂಗಸ್ ಹಿಡಿದ ಲೆನ್ಸಿನ ಪಕ್ಕದಲ್ಲೇ ಹೊಸದನ್ನು ಇಟ್ಟರೂ ಏನೂ ಆಗುವುದಿಲ್ಲ.

ಚೌಕಿಮನೆ | ಎಪ್ರಿಲ್ 21, ಮಧ್ಯಾಹ್ನ 2.10

ನಿಮ್ಮ ಲೆನ್ಸ್ ನಿಮ್ಮ ಇಷ್ಟ. ನಾನಂತೂ ಬೇರೆ ಇಡುತ್ತೇನೆ. 🙂

ಹಳೆಗಾಜು | ಎಪ್ರಿಲ್ 21, ಮಧ್ಯಾಹ್ನ 2.30

ಸರಿ ಮಾರಾಯ್ರೆ, ಇಬ್ಬರೂ ಒಣಗಿಸಿಯೇ ಇಡುವ.

ಹುಡುಗ, ನಿಮ್ಮ ಲೆನ್ಸ್ ಮುಗಿದಿಲ್ಲ. ಜುಪಿಟರ್‌ನಲ್ಲಿ ಇರುವುದು ನಾಲ್ಕೇ ಗಾಜು, ಬಿಚ್ಚಲು ಸುಲಭ. ಮುಂದೆ ಹೆಸರು ಬರೆದಿರುವ ರಿಂಗ್ ಉಂಟಲ್ಲ, ಅದಕ್ಕೆ ಸರಿಹೊಂದುವ ರಬ್ಬರ್ ಬಿರಡೆ ಒತ್ತಿ ಎಡಕ್ಕೆ ತಿರುಗಿಸಿ. ಚಾಕು, ಕತ್ತರಿ ಮಾತ್ರ ಮುಟ್ಟಬೇಡಿ. ಜಾರಿದರೆ ಗಾಜಿಗೆ ಗೀರು, ಇಲ್ಲದಿದ್ದರೆ ಕೈಗೆ. ಪ್ರತಿ ಹಂತದಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಗಾಜಿನ ಯಾವ ಬದಿ ಮುಂದೆ ಇತ್ತು ಎಂಬುದು ಹತ್ತು ನಿಮಿಷದಲ್ಲಿ ಮರೆತುಹೋಗುತ್ತದೆ. ನಾನು ಒಮ್ಮೆ ತಿರುಗಾಮುರುಗಾ ಹಾಕಿ, ಲೆನ್ಸೇ ಕೆಟ್ಟಿತು ಅಂತ ಎರಡು ವಾರ ಮೂಲೆಗೆ ಎಸೆದಿದ್ದೆ.

ಗಾಜಿಗೆ ಮೆಡಿಕಲ್‌ನಲ್ಲಿ ಗಾಯ ತೊಳೆಯಲು ಕೊಡುವ ಹೈಡ್ರೋಜನ್ ಪೆರಾಕ್ಸೈಡ್. ಹತ್ತಿಗೆ ಮುಟ್ಟಿಸಿ, ಮೆಲ್ಲ ಒರೆಸಿ, ಆಮೇಲೆ ಲೆನ್ಸ್ ಒರೆಸುವ ದ್ರವ. ಉಜ್ಜಬೇಡಿ. ಎರಡು ಗಾಜು ಅಂಟಿಸಿದ ಜೋಡಿಯನ್ನು ಯಾವುದರಲ್ಲೂ ಮುಳುಗಿಸಬೇಡಿ, ಅಂಟು ಬಿಡುತ್ತದೆ. ಎಳೆ ಹೋದರೂ ಅದರ ಹೆಜ್ಜೆ ಉಳಿಯಬಹುದು. ಫಂಗಸ್ ಗಾಜಿನ ಮೇಲಿನ ಲೇಪವನ್ನೇ ತಿಂದಿದ್ದರೆ ಅದು ವಾಪಸ್ ಬರುವುದಿಲ್ಲ. ಮುಂದಿನ ಗಾಜಿನಲ್ಲಿ ಸ್ವಲ್ಪ ಗುರುತು ಉಳಿದರೆ ಚಿಂತೆ ಇಲ್ಲ. ಬೆಳಕಿಗೆ ಎದುರಾಗಿ ತೆಗೆದಾಗ ಮಾತ್ರ ಚಿತ್ರ ಮಂಕಾಗುತ್ತದೆ. ಹಿಂದಿನ ಗಾಜಿಗೆ ಬಂದರೆ ಅದು ಬೇರೆ ತಲೆನೋವು.

ಮತ್ತೆ ಆ ನುಸಿಗುಳಿಗೆ ಎಸೆಯಿರಿ. ಅದರ ಹಬೆ ಲೋಹ, ಗಾಜು ಎಲ್ಲದರ ಮೇಲೆ ಕೂರುತ್ತದೆ. ಚರ್ಮದ ಕೇಸೂ ಬೇಡ. ತೇವ ಕುಡಿದು ಹಿಡಿದಿಟ್ಟುಕೊಳ್ಳುತ್ತದೆ.

ಉದ್ಯಾವರದ ಹುಡುಗ | ಮೇ 4, ಸಂಜೆ 6.45

ತಡವಾಯಿತು, ಕ್ಷಮಿಸಿ. ಸೈಕಲ್ ಟ್ಯೂಬಿನ ತುಂಡನ್ನು ಒಂದು ಡಬ್ಬಿಯ ಬಾಯಿಗೆ ಸುತ್ತಿ ತಿರುಗಿಸಿದೆ. ಮೊದಲ ದಿನ ಅಲುಗಾಡಲಿಲ್ಲ, ಎರಡನೇ ದಿನ ಬಂತು. ಎಳೆಗಳು ಹೋದವು. ಅಂಚಿನಲ್ಲಿ ಬಸವನಹುಳು ಹರಿದ ಹಾಗೆ ಮಂಕು ಗುರುತು ಉಳಿದಿದೆ.

ಅಡಾಪ್ಟರ್ ಆನ್‌ಲೈನಿನಲ್ಲಿ ತರಿಸಿದೆ. ಮೊದಲು ಬಂದದ್ದು ಎಷ್ಟು ಸಡಿಲ ಅಂದರೆ ಲೆನ್ಸ್ ಗಂಟೆಯ ಹಾಗೆ ಅಲ್ಲಾಡುತ್ತಿತ್ತು. ವಾಪಸ್ ಮಾಡಿ ಬೇರೆಯದು ತರಿಸಿದೆ. ಬೆಳ್ಳಕ್ಕಿ ಅಕ್ಕನ ಮಾತು ನೆನಪಾಯಿತು.

ಈಗ ಸಮಸ್ಯೆ ಇದು: ವ್ಯೂಫೈಂಡರಿನಲ್ಲಿ ಸ್ಪಷ್ಟ ಕಾಣುತ್ತದೆ, ಕಂಪ್ಯೂಟರಿನಲ್ಲಿ ನೋಡಿದರೆ ಹತ್ತರಲ್ಲಿ ಏಳು ಮಸುಕು. ಕ್ಯಾಮರಾದಲ್ಲಿ ಅಪರ್ಚರ್ ಜಾಗದಲ್ಲಿ 00 ಅಂತ ಬರುತ್ತದೆ. ಅದು ಸರಿಯಾ?

ಹಳೆಗಾಜು | ಮೇ 4, ರಾತ್ರಿ 9.00

00 ಸರಿ. ಲೆನ್ಸ್ ಯಾವುದು ಅಂತ ಕ್ಯಾಮರಾಕ್ಕೆ ಗೊತ್ತಿಲ್ಲ, ಅಷ್ಟೇ. ಎವಿ ಮೋಡಿನಲ್ಲಿಟ್ಟರೆ ಒಳಗೆ ಬಂದ ಬೆಳಕು ನೋಡಿ ಶಟರ್ ವೇಗವನ್ನು ಅದೇ ಲೆಕ್ಕ ಹಾಕುತ್ತದೆ. ತುಂಬಾ ಮುಚ್ಚಿದಾಗ ಲೆಕ್ಕ ತಪ್ಪಬಹುದು. ಹಿಸ್ಟೊಗ್ರಾಮ್ (ಬೆಳಕು-ಕತ್ತಲೆಯ ನಕ್ಷೆ) ನೋಡಿ, ಎಲ್ಲವನ್ನೂ ನಾವೇ ಇಡುವ ಎಂ ಮೋಡಿನಲ್ಲಿ ತೆಗೆಯುವುದು ವಾಸಿ.

ಮಸುಕಿಗೆ ಎರಡು ಕಾರಣ ಇರಬಹುದು. ಒಂದು ಕೈ ನಡುಕ. 200ಡಿಯ ಸೆನ್ಸರ್ ಚಿಕ್ಕದು, 135ನ್ನು 1.6ರಿಂದ ಗುಣಿಸಿ, 216. ಕೈಯಲ್ಲಿ ಹಿಡಿದಾಗ ಶಟರ್ ಸೆಕೆಂಡಿನ ಅಷ್ಟನೇ ಒಂದು ಪಾಲಿಗಿಂತ, ಅಂದರೆ ಸುಮಾರು 1/250ಕ್ಕಿಂತ ನಿಧಾನ ಆಗಬಾರದು. ಎರಡನೆಯದು, ನಿಮ್ಮ ವ್ಯೂಫೈಂಡರ್ ಕೈಯಲ್ಲಿ ಫೋಕಸ್ ಮಾಡಲಿಕ್ಕೆ ಮಾಡಿದ್ದೇ ಅಲ್ಲ. ಹಿಂದಿನ ಕಾಲದ ಎಷ್ಟೋ ಕ್ಯಾಮರಾಗಳಲ್ಲಿ ನಡುವೆ ಒಂದು ವೃತ್ತ, ಅದರಲ್ಲಿ ಚಿತ್ರ ಎರಡು ತುಂಡಾಗಿ ಕಾಣುತ್ತಿತ್ತು. ತುಂಡು ಸೇರಿದರೆ ಫೋಕಸ್. ಈಗಿನದರಲ್ಲಿ ಅದು ಇಲ್ಲ. ಲೈವ್ ವ್ಯೂ (ಹಿಂದಿನ ಪರದೆಯಲ್ಲಿ ನೋಡುವುದು) ಹಾಕಿ, 10 ಪಟ್ಟು ದೊಡ್ಡದು ಮಾಡಿ, ಆಮೇಲೆ ರಿಂಗ್ ತಿರುಗಿಸಿ.

5 ಮೀಟರ್ ದೂರದ ಮುಖಕ್ಕೆ ಎಫ್ 3.5ರಲ್ಲಿ ಸ್ಪಷ್ಟವಾಗಿ ಬರುವ ಆಳ ಬರೀ 18 ಸೆಂಟಿಮೀಟರ್. ಒಂದು ಗೇಣಿಗಿಂತ ಕಡಿಮೆ. ಎದುರಿನವರು ನಕ್ಕು ಹಿಂದೆ ವಾಲಿದರೆ ಫೋಕಸ್ ಹೋಯಿತು.

ಚೌಕಿಮನೆ | ಮೇ 5, ಮಧ್ಯಾಹ್ನ 12.20

ಇದು ನನ್ನ ಕ್ಷೇತ್ರ. ನನ್ನದು ನಿಕಾನ್ ಡಿ5600. ಇದೇ ತಿರುಪಿನ ಪೆಂಟಕಾನ್ 135 ಎಫ್ 2.8 ಹಾಕಿ ಆಟ ತೆಗೆಯುತ್ತೇನೆ. ನಿಕಾನಿನವರಿಗೆ ಒಂದು ಎಚ್ಚರಿಕೆ: ನಮ್ಮಲ್ಲಿ ಲೆನ್ಸ್ ಕೂರುವ ಜಾಗದಿಂದ ಸೆನ್ಸರಿಗೆ ದೂರ 46.5 ಮಿ.ಮೀ. ಅಂದರೆ ಲೆನ್ಸ್ ಇರಬೇಕಾದ ಜಾಗಕ್ಕಿಂತ ಒಂದು ಮಿಲಿಮೀಟರ್ ಮುಂದೆ ಕೂರುತ್ತದೆ. 135 ಲೆನ್ಸಿಗೆ ಆ ಒಂದು ಮಿಲಿಮೀಟರ್ ಸಾಕು, 17 ಮೀಟರಿನ ಆಚೆ ಫೋಕಸ್ಸೇ ಆಗುವುದಿಲ್ಲ. ಅಡಾಪ್ಟರಿನ ದಪ್ಪ ಸೇರಿದರೆ ಇನ್ನೂ ಕಡಿಮೆ. ಗಾಜು ಇರುವ ಅಡಾಪ್ಟರ್ ಸಿಗುತ್ತದೆ, ದೂರಕ್ಕೂ ಫೋಕಸ್ ಆಗುತ್ತದೆ, ಆದರೆ ಚಿತ್ರ ಸೋಪಿನ ನೀರಿನ ಹಾಗೆ ಮೆತ್ತಗಾಗುತ್ತದೆ. ನಾನು ಆ ಗಾಜು ತೆಗೆದು ಬಿಸಾಡಿದೆ. ರಂಗಸ್ಥಳದ ಎದುರು ಎಂಟು ಮೀಟರಿನಲ್ಲಿ ಕೂತವನಿಗೆ ಆಕಾಶ ಯಾಕೆ?

ಆಟದಲ್ಲಿ ಕೈ ಫೋಕಸ್ ಕಷ್ಟ ಅಲ್ಲ, ಅಭ್ಯಾಸ ಬೇಕು. ಭಾಗವತರು ಪದ ಎತ್ತಿದರೆ ವೇಷ ಎಲ್ಲಿ ನಿಲ್ಲುತ್ತದೆ, ಬಿಡ್ತಿಗೆ (ಚೆಂಡೆ-ಮದ್ದಳೆಯ ನುಡಿತ) ಬಂದಾಗ ಎಲ್ಲಿಗೆ ಬರುತ್ತದೆ ಅಂತ ನಾಲ್ಕು ಆಟ ನೋಡಿದವನಿಗೆ ಗೊತ್ತಾಗುತ್ತದೆ. ಆ ಜಾಗಕ್ಕೆ ಮೊದಲೇ ಫೋಕಸ್ ಇಟ್ಟು ಕಾಯುವುದು. ಬಣ್ಣದ ವೇಷ (ರಾಕ್ಷಸ ಪಾತ್ರ) ಬಂದರೆ ಕಣ್ಣಿಗೆ ಫೋಕಸ್ ಮಾಡಿ, ಕಿರೀಟಕ್ಕಲ್ಲ. ಕಿರೀಟದ ಮಣಿ ಹೊಳೆಯುತ್ತದೆ, ಫೋಕಸ್ ಆಯಿತು ಅಂತ ಮೋಸ ಮಾಡುತ್ತದೆ.

ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200, ಎಫ್ 3.5, ಶಟರ್ 1/200. ನನ್ನ ಹೆಚ್ಚಿನ ಫೋಟೋಗಳು ಇಷ್ಟರಲ್ಲೇ. ಕೆಲವು ಕಡೆ ದೀಪ ಮಿಣುಕುತ್ತದೆ, ಒಂದು ಫೋಟೋ ಕತ್ತಲೆ, ಒಂದು ಬೆಳಕು. ನಮ್ಮ ಕರೆಂಟಿನಲ್ಲಿ ಅಂಥ ದೀಪ ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತದೆ. ಅಲ್ಲಿ 1/100ಕ್ಕೆ ಇಳಿಸಿ, ವೇಷ ನಿಂತಾಗ ಮಾತ್ರ ಕ್ಲಿಕ್ಕಿಸಿ. ಮೇಲಿನ ದೀಪ ನೇರ ಗಾಜಿಗೆ ಹೊಡೆದರೆ ಹಳೆ ಲೆನ್ಸ್ ಪೂರ್ತಿ ಹಾಲು ಚೆಲ್ಲಿದ ಹಾಗೆ ಆಗುತ್ತದೆ. ಹುಡ್ (ಲೆನ್ಸಿನ ಮುಂದಿನ ನೆರಳಿನ ಕೊಳವೆ) ಹಾಕಿ. ಜುಪಿಟರಿಗೆ 52 ಮಿ.ಮೀ. ಫಿಲ್ಟರ್ ತಿರುಪು, ಆ ಅಳತೆಯ ರಬ್ಬರ್ ಹುಡ್ ಸುಲಭವಾಗಿ ಸಿಗುತ್ತದೆ.

ಪತ್ತನಾಜೆಗೆ, ಅಂದರೆ ಆಟದ ತಿರುಗಾಟ ಮುಗಿಯುವ ದಿನಕ್ಕೆ, ಇನ್ನು ಮೂರೇ ವಾರ. ಗೆಜ್ಜೆ ಬಿಚ್ಚಿದ ಮೇಲೆ ಮೇಳವೂ ಒಳಗೆ, ಲೆನ್ಸೂ ಒಳಗೆ. ಬೇಗ ಹೋಗಿ.

ಉದ್ಯಾವರದ ಹುಡುಗ | ಮೇ 17, ಬೆಳಿಗ್ಗೆ 10.10

ಹೋಗಿದ್ದೆ ಅಣ್ಣ. 210 ಫೋಟೋ, 14 ಚಂದ ಬಂದಿವೆ. ಆದರೆ ಆ 14 ನೋಡಿ ಅಮ್ಮನೇ "ಇದು ನೀನು ತೆಗೆದದ್ದಾ?" ಅಂತ ಕೇಳಿದರು. ಹಿಂದಿನ ದೀಪಗಳು ಗುಂಡಗೆ, ಎಣ್ಣೆಯಲ್ಲಿ ಬಿಟ್ಟ ಹಾಗೆ. ಮಹಿಷಾಸುರ ಸಭೆಯ ನಡುವಿನಿಂದ ಬಂದದ್ದು ಒಂದೂ ಸಿಗಲಿಲ್ಲ. ಎದ್ದು ಓಡಿದೆ.

ಬೆಳ್ಳಕ್ಕಿ | ಮೇ 17, ಬೆಳಿಗ್ಗೆ 10.30

14 ಫೋಟೋ ನೋಡಿದೆ. ಮೂರನೆಯದು, ಆ ಸ್ತ್ರೀವೇಷ ಕಣ್ಣು ಕೆಳಗೆ ಹಾಕಿದ್ದು, ಭಾರಿ ಒಳ್ಳೆಯದಾಗಿದೆ. ಎದ್ದು ಕಾಣುವ ಅಂಚುಗಳಲ್ಲಿ ನೇರಳೆ ಗೆರೆ ಬಂದಿದೆ, ಸಾಫ್ಟ್‌ವೇರಿನಲ್ಲಿ ತೆಗೆಯಬಹುದು. 5.6ಕ್ಕೆ ಮುಚ್ಚಿದರೆ ಅದೂ ಕಡಿಮೆಯಾಗುತ್ತದೆ. ಆದರೂ ಹಕ್ಕಿಗೆ ಬೇಡ.

ಹಳೆಗಾಜು | ಜೂನ್ 8, ಸಂಜೆ 5.00

ಮಳೆ ಶುರುವಾಯಿತು. ಎಲ್ಲರಿಗೂ ನೆನಪಿಸುತ್ತೇನೆ.

ಅಕ್ಕಿ ಹಾಕಿಡುವಂಥ ಗಾಳಿ ಆಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಚಿಕ್ಕ ತೇವ ಮೀಟರ್. ಇಷ್ಟು ಸಾಕು. ಡಬ್ಬಿಯೊಳಗೆ ಅಕ್ಕಿಯನ್ನೇ ಹಾಕುವವರಿದ್ದಾರೆ, ಅದರ ಹುಡಿ ಫೋಕಸ್ ರಿಂಗಿಗೆ ಸೇರುತ್ತದೆ. ಕಿತ್ತಳೆ ಬಣ್ಣದ ಜೆಲ್ ತೆಗೆದುಕೊಳ್ಳಿ, ತೇವ ಕುಡಿದಾಗ ಹಸಿರಾಗುತ್ತದೆ. ಹಳೆ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕಿತ್ತಳೆ. ಆ ಕಾವಲಿಯಲ್ಲಿ ಆಮೇಲೆ ದೋಸೆ ಹುಯ್ಯಬೇಡಿ. ನೀಲಿ ಜೆಲ್ ಅಡುಗೆ ಮನೆಗೆ ತರಲೇಬೇಡಿ, ಅದರಲ್ಲಿ ಕೋಬಾಲ್ಟ್ ಇರುತ್ತದೆ.

ಮೀಟರ್ 30ಕ್ಕಿಂತ ಕೆಳಗೆ ಹೋಗಲೂ ಬಿಡಬೇಡಿ, ಅತಿಯಾಗಿ ಒಣಗಿದರೆ ರಿಂಗಿನ ಗ್ರೀಸಿಗೆ ಒಳ್ಳೆಯದಲ್ಲ. ವಾರಕ್ಕೊಮ್ಮೆ ಲೆನ್ಸ್ ತೆಗೆದು ರಿಂಗುಗಳನ್ನು ತಿರುಗಿಸಿ. ಮಲ್ಪೆ, ಪಣಂಬೂರು ಕಡಲಿಗೆ ಹೋಗಿ ಬಂದವರು ಅವತ್ತೇ ಒದ್ದೆ ಬಟ್ಟೆಯಲ್ಲಿ ಲೋಹದ ಭಾಗ ಒರೆಸಿ, ಆಮೇಲೆ ಒಣ ಬಟ್ಟೆ. ಉಪ್ಪು ಬೆಳಿಗ್ಗೆ ತನಕ ಕಾಯುವುದಿಲ್ಲ.

ಕರೆಬದಿ | ನವೆಂಬರ್ 20, ರಾತ್ರಿ 8.15

ಈ ಚರ್ಚೆ ಈಗ ನೋಡಿದೆ. ಕಂಬಳ ಶುರುವಾಯಿತು, ಹುಡುಗ ಎಲ್ಲಿ?

ಕಂಬಳಕ್ಕೆ ಹಳೆ ಲೆನ್ಸ್ ಒಳ್ಳೆಯದೇ. ಕೋಣ ಎಲ್ಲಿ ಬರುತ್ತದೆ ಎಂದು ಮೊದಲೇ ಗೊತ್ತು. ಕರೆ (ಕೋಣ ಓಡುವ ಕೆಸರಿನ ಓಣಿ) ಬಿಟ್ಟು ಅದು ಎಲ್ಲಿಗೂ ಹೋಗುವುದಿಲ್ಲ. (ಕೆಲವೊಮ್ಮೆ ಹೋಗುತ್ತದೆ. ಆಗ ಫೋಟೋ ಬಿಟ್ಟು ಓಡಿ.)

ಮಂಜೊಟ್ಟಿ (ಓಟ ಮುಗಿಯುವ ತುದಿ) ಕಡೆ, ಸಂಘಟಕರು ಬಿಟ್ಟ ಜಾಗದಲ್ಲಿ ಮಾತ್ರ ನಿಲ್ಲಿ. 20 ಮೀಟರ್ ದೂರದಲ್ಲಿ ಕರೆಯ ಬದಿಯ ಒಂದು ಕಂಬವೋ ಬಾವುಟವೋ ಗುರುತು ಮಾಡಿ. ಅದಕ್ಕೆ ಫೋಕಸ್ ಇಟ್ಟು, ರಿಂಗಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿ. ಟೇಪ್ ಮರೆಯಬೇಡಿ, ಜನರ ನೂಕಾಟದಲ್ಲಿ ರಿಂಗ್ ತಿರುಗಿದ್ದು ಗೊತ್ತೇ ಆಗುವುದಿಲ್ಲ. ಎಫ್ 5.6, ಶಟರ್ 1/1000. ಆ ದೂರದಲ್ಲಿ 135ಕ್ಕೆ ಮೂರು ಮೀಟರ್ ಚಿಲ್ಲರೆ ಅಗಲ ಸಿಗುತ್ತದೆ. ಒಂದು ಜೋಡಿ ಎದುರಿನಿಂದ ಬರಲು ಸರಿಯಾಗುತ್ತದೆ. ಸ್ಪಷ್ಟ ಆಳ ನಾಲ್ಕೂವರೆ ಮೀಟರ್.

ಈಗ ಲೆಕ್ಕ ನೋಡಿ. ವೇಗದ ಜೋಡಿ ಸೆಕೆಂಡಿಗೆ ಹತ್ತು ಮೀಟರಿಗಿಂತ ಜಾಸ್ತಿ ಓಡುತ್ತದೆ. ಆ ನಾಲ್ಕೂವರೆ ಮೀಟರ್ ದಾಟಲು ಅರ್ಧ ಸೆಕೆಂಡೂ ಬೇಡ. 200ಡಿ ಸೆಕೆಂಡಿಗೆ 5 ಫೋಟೋ ತೆಗೆಯುತ್ತದೆ. ಅಂದರೆ ಒಂದು ಓಟಕ್ಕೆ ಎರಡು ಫೋಟೋ ಸಿಕ್ಕಿದರೆ ಪುಣ್ಯ. ಕೋಣ ಗುರುತಿಗೆ ಬಂದ ಮೇಲೆ ಒತ್ತಿದರೆ ಆಗಲೇ ತಡ. ಸ್ವಲ್ಪ ಮೊದಲೇ ಒತ್ತಿ ಹಿಡಿಯಿರಿ.

ಕನೆಹಲಗೆ (ಹಲಗೆಯ ಮೇಲೆ ನಿಂತು ಓಡಿಸಿ ನೀರು ಎತ್ತರಕ್ಕೆ ಚಿಮ್ಮಿಸುವ ಓಟ) ಇನ್ನೂ ಸುಲಭ. ನಿಶಾನೆ (ನೀರು ಮುಟ್ಟಬೇಕಾದ ಎತ್ತರದ ಬಟ್ಟೆ) ಕಟ್ಟಿದ ಜಾಗ ಬದಲಾಗುವುದಿಲ್ಲ. 40 ಮೀಟರ್ ದೂರ ನಿಂತು ಕ್ಯಾಮರಾ ಉದ್ದಕ್ಕೆ ಹಿಡಿಯಿರಿ, ಆರೂವರೆ ಮೀಟರ್ ಎತ್ತರ ಸಿಗುತ್ತದೆ. ಅಲ್ಲಿ ಫೋಕಸ್ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ನೀರಿನ ಹನಿ ಒಂದೊಂದೂ ಕಾಣುತ್ತದೆ. ರಾತ್ರಿ ಫ್ಲಡ್‌ಲೈಟಿನಲ್ಲಿ ಮಾತ್ರ ಈ ಲೆನ್ಸ್ ಬೇಡ. 1/1000 ಬೇಕೆಂದರೆ ಐಎಸ್‌ಒ ಮಿತಿ ಮೀರುತ್ತದೆ, ಫೋಟೋ ರವೆ ಚೆಲ್ಲಿದ ಹಾಗೆ ಬರುತ್ತದೆ.

ಶಿರ್ವದ ಶಟರ್ | ನವೆಂಬರ್ 21, ಬೆಳಿಗ್ಗೆ 7.30

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಸೋನಿ ಎ6000. ಇದೇ ತಿರುಪಿನ 200 ಎಫ್ 4 ಒಬ್ಬರು ಮಾರುತ್ತಿದ್ದಾರೆ. ಅಡಾಪ್ಟರ್ ಹಾಕಿದರೆ ಶಟರ್ ಒತ್ತಲೇ ಬಿಡುವುದಿಲ್ಲ ಅಂತ ಸ್ನೇಹಿತ ಹೇಳುತ್ತಾನೆ. ಹೌದಾ?

ಹಳೆಗಾಜು | ನವೆಂಬರ್ 21, ಬೆಳಿಗ್ಗೆ 8.00

ಮೆನುವಿನಲ್ಲಿ "ಲೆನ್ಸ್ ಇಲ್ಲದೆ ಶಟರ್" ಎಂಬ ಅರ್ಥದ ಆಯ್ಕೆ ಉಂಟು, ಅದನ್ನು ಆನ್ ಮಾಡಿ. ನಿಮ್ಮದರಲ್ಲಿ ಕನ್ನಡಿ ಇಲ್ಲ, ಮೌಂಟಿನಿಂದ ಸೆನ್ಸರಿಗೆ 18 ಮಿ.ಮೀ. ಮಾತ್ರ. ಹಾಗಾಗಿ ಅಡಾಪ್ಟರ್ ಉದ್ದದ ಕೊಳವೆಯ ಹಾಗೆ ಇರುತ್ತದೆ. ನಿಮಗೆ ಲಾಭ ಜಾಸ್ತಿ. ಫೋಕಸ್ ಆದ ಅಂಚುಗಳಿಗೆ ಪರದೆಯಲ್ಲಿ ಬಣ್ಣ ಬರುವ ಪೀಕಿಂಗ್ ಉಂಟು. ಕಣ್ಣಿಗೆ ಹಿಡಿದೇ ದೊಡ್ಡದು ಮಾಡಿ ನೋಡಬಹುದು. ತೆಗೆದುಕೊಳ್ಳುವ ಮೊದಲು ಟಾರ್ಚ್ ಬಿಟ್ಟು ನೋಡಿ. ಎಲೆಗಳ ಮೇಲೆ ಎಣ್ಣೆ ಇದೆಯಾ ಅಂತಲೂ ನೋಡಿ.

ಉದ್ಯಾವರದ ಹುಡುಗ | ಜನವರಿ 11, ರಾತ್ರಿ 9.40

ಬಂದೆ ಬಂದೆ. ನಿನ್ನೆ ಕಂಬಳಕ್ಕೆ ಹೋಗಿದ್ದೆ, ಮನೆಗೆ ಬಂದದ್ದು ಇವತ್ತು ಮಧ್ಯಾಹ್ನ. 640 ಫೋಟೋ. ಕರೆಬದಿ ಅಣ್ಣ ಹೇಳಿದ ಹಾಗೆ 20 ಮೀಟರ್, 5.6, 1/1000. ಟೇಪ್ ಬೈಕಿನಲ್ಲೇ ಮರೆತಿದ್ದೆ. ಮೊದಲ ಒಂದು ಗಂಟೆಯ ಫೋಟೋ ಎಲ್ಲದರಲ್ಲೂ ಕೋಣದ ಹಿಂದಿನ ಚುರುಮುರಿ ಅಂಗಡಿ ಭಾರಿ ಸ್ಪಷ್ಟ. ಆಮೇಲೆ ಪಕ್ಕದವರ ಹತ್ತಿರ ಬ್ಯಾಂಡೇಜ್ ಪಟ್ಟಿ ಕೇಳಿ ಅಂಟಿಸಿದೆ.

ನಾಲ್ಕು ಹಾಕಿದ್ದೇನೆ. ಎರಡನೆಯದರಲ್ಲಿ ಓಡಿಸುವವರ ಹಣೆಯ ಕೆಸರು ಸಮೇತ ಕಾಣುತ್ತದೆ.

ಕರೆಬದಿ | ಜನವರಿ 11, ರಾತ್ರಿ 9.55

ಎರಡನೆಯದು ಹಳೆ ಲೆನ್ಸಿನದ್ದು ಅಂತ ಯಾರೂ ಹೇಳುವುದಿಲ್ಲ. ಕನೆಹಲಗೆ?

ಉದ್ಯಾವರದ ಹುಡುಗ | ಜನವರಿ 11, ರಾತ್ರಿ 10.05

ನೀರು ನಿಶಾನೆಗೆ ಹಾಯಿತು. ನಾನು ಆಗ ಬ್ಯಾಂಡೇಜ್ ಹುಡುಕುತ್ತಿದ್ದೆ.

ಫೋಟೋ ದೊಡ್ಡಪ್ಪನಿಗೂ ತೋರಿಸಿದೆ. ಕನ್ನಡಕ ಹಾಕಿ ತುಂಬಾ ಹೊತ್ತು ನೋಡಿದರು. ಆಮೇಲೆ "ಒಟ್ಟು ಎಷ್ಟು ತೆಗೆದೆ?" ಅಂತ ಕೇಳಿದರು. 640 ಅಂದೆ. ಮನಸ್ಸಿನಲ್ಲೇ 36ರಿಂದ ಭಾಗಿಸಿ, "ಹದಿನೆಂಟು ರೀಲಿಗೆ ನಾಲ್ಕು ಫೋಟೋವಾ?" ಅಂದರು. ಅಟ್ಟದಲ್ಲಿ ಉಳಿದ ಇನ್ನೊಂದು ಲೆನ್ಸ್ ಕೇಳಬೇಕೆಂದಿದ್ದೆ. ಈಗ ಬೇಡ ಅಂತ ಸುಮ್ಮನೆ ಬಂದೆ.

ಹಳೆಗಾಜು | ಜನವರಿ 11, ರಾತ್ರಿ 10.20

ಝೆನಿಟ್ ಜೊತೆ ಇದ್ದದ್ದಾದರೆ ಅದು ಹೀಲಿಯೊಸ್ 58 ಆಗಿರಬಹುದು. ಮಳೆ ಬರುವ ಮೊದಲು ಹೇಗಾದರೂ ಮಾಡಿ ಕೇಳಿ. ಕಡೇಪಕ್ಷ ಅದನ್ನು ಅಟ್ಟದಿಂದ ಕೆಳಗೆ ಇಳಿಸಿ.